ಹಳದಿ ಬೆಲ್ಟು, ಕೆಂಪು ಬೆಲ್ಟು

ಸ್ಟುಡಿಯೋ ಬಾಗಿಲು ಹಾಕಿ ಮೂರು ವರ್ಷವಾಯಿತು. ಆದರೂ ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕುವ ಹುಡುಗರು ನನ್ನ ಮಂಡಿನೋವು ವಿಚಾರಿಸುವುದಿಲ್ಲ. ‘ಸಾರ್, ಯಾವ ಕ್ಯಾಮೆರಾ ತಗೊಳ್ಳಲಿ?’ ಎಂದೇ ಶುರುಮಾಡುತ್ತಾರೆ. ಫೋನಿನಲ್ಲಿ ನೂರು ವಿಡಿಯೋ ನೋಡಿ ಆಗಲೇ ಒಂದು ಕಂಪನಿಗೆ ಮನಸ್ಸು ಕೊಟ್ಟಿರುತ್ತಾರೆ. ನನ್ನ ಬಾಯಿಂದ ಅದೇ ಹೆಸರು ಬರಲಿ ಎಂದು ಕಾಯುತ್ತಿರುತ್ತಾರೆ. ಬೇರೆ ಹೆಸರು ಬಂದರೆ ಮುಖ ಸಣ್ಣಗಾಗುತ್ತದೆ. ಹಾಗಾಗಿ ಹೆಸರು ಹೇಳುವುದನ್ನೇ ಬಿಟ್ಟಿದ್ದೇನೆ. ಇಲ್ಲಿಯೂ ಹೇಳುವುದಿಲ್ಲ.

ನಿಜ ಹೇಳಬೇಕೆಂದರೆ, ರೋಲ್ ಹೋಗಿ ಡಿಜಿಟಲ್ ಬಂದ ಹೊಸತರಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮದುವೆ ಫೋಟೋಗ್ರಾಫರುಗಳು ಯಾರೂ ಕಂಪನಿಯ ಹೆಸರು ಹೇಳುತ್ತಿರಲಿಲ್ಲ. ಕ್ಯಾಮೆರಾವನ್ನು ಕುತ್ತಿಗೆಗೆ ನೇತುಹಾಕುವ ಬೆಲ್ಟಿನ ಬಣ್ಣ ಹೇಳುತ್ತಿದ್ದೆವು. ಒಂದು ಕಂಪನಿಯದು ಹಳದಿ, ಇನ್ನೊಂದರದು ಕೆಂಪು. ‘ಅವನು ಹಳದಿ ಕಣಯ್ಯ’, ‘ಇವನು ಕೆಂಪಿಗೆ ಹೋದ’ ಎಂದು ಪಕ್ಷಾಂತರದ ಸುದ್ದಿ ಹೇಳುವಂತೆ ಹೇಳುತ್ತಿದ್ದೆವು. ಛತ್ರದ ಊಟದ ಪಂಕ್ತಿಯಲ್ಲೂ ಬೆಲ್ಟು ನೋಡಿ ಪಕ್ಕದಲ್ಲಿ ಕೂರುವವರಿದ್ದರು. ಈಗ ನೆನೆದರೆ ನಗು ಬರುತ್ತದೆ. ಆಗ ನಕ್ಕವರ ಮೇಲೆ ಸಿಟ್ಟು ಬರುತ್ತಿತ್ತು.

ಇದನ್ನೆಲ್ಲ ಬರೆಯಲು ಕಾರಣ ಬಾಷಾನ ಮಗಳು. ಬಾಷಾ ಶಿರಾದವನು. ಅಲ್ಲಿ ಅವನದೊಂದು ಸ್ಟುಡಿಯೋ ಇದೆ. ನನಗಿಂತ ನಾಲ್ಕು ವರ್ಷ ಚಿಕ್ಕವನು, ನನ್ನನ್ನು ಲಿಂಗಣ್ಣ ಎನ್ನುತ್ತಾನೆ. ಮಗಳು ನಾಜಿಯಾ ಎರಡು ಮಕ್ಕಳ ತಾಯಿ. ಅಪ್ಪನ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತು ಆಲ್ಬಮ್ ಡಿಸೈನ್ ಮಾಡುತ್ತಾಳೆ. ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದು ತೆಗೆದು ಕೈ ಪಳಗಿದೆ. ಹೋದ ವರ್ಷ ಒಂದು ದಿನ ಅಪ್ಪ ಮಗಳು ಇಬ್ಬರೂ ಮಧುಗಿರಿಯ ನನ್ನ ಮನೆಗೆ ಬಂದರು. ಅವರು ಚಪ್ಪಲಿ ಬಿಡುವ ಮೊದಲೇ ಅವರ ಜಗಳ ಹೊಸಿಲು ದಾಟಿತ್ತು.

“ಲಿಂಗಣ್ಣಾ, ನೀನೇ ಬುದ್ಧಿ ಹೇಳು ಇವ್ಳಿಗೆ. ಬೀರು ತುಂಬಾ ಹಳದಿ ಲೆನ್ಸ್ ಇಟ್ಕೊಂಡಿದೀನಿ. ಇವ್ಳಿಗೆ ಇನ್ನೂ ಯೋಚ್ನೆ ಮಾಡ್ಬೇಕಂತೆ!”

“ಅಬ್ಬಾ, ಚಾಚಾನ್ನ ಕೇಳಕ್ಕೆ ಬಂದಿರೋದು ನಾನು. ನೀವು ಕೂತ್ಕೊಳ್ಳಿ,” ಎಂದಳು ನಾಜಿಯಾ.

ವಿಷಯ ಇಷ್ಟು. ಶಿರಾದ ಒಂದು ಮನೆಯವರು ತಮ್ಮ ಮಗಳ ಮದುವೆಯಲ್ಲಿ ಹೆಂಗಸರ ಕಡೆಗೆ ಫೋಟೋಗ್ರಾಫರನ್ನು ಬಿಡಲು ಮೊದಲ ಸಲ ಒಪ್ಪಿದ್ದರು. ಹೆಂಗಸೇ ಆಗಿರಬೇಕು. ತೆಗೆದ ಫೋಟೋವನ್ನು ಯಾವ ಗಂಡಸೂ ನೋಡಕೂಡದು. ತೆಗೆಯುವುದು, ತಿದ್ದುವುದು, ಪ್ರಿಂಟ್ ಹಾಕುವುದು ಎಲ್ಲ ನಾಜಿಯಾ ಒಬ್ಬಳದೇ. ಅಂಥ ಮದುವೆಗಳಲ್ಲಿ ಬಾಷಾ ಮೂವತ್ತು ವರ್ಷ ಪರದೆಯ ಈಚೆಗೇ ನಿಂತವನು. ಗಂಡಿನ ಹೂವಿನ ಸೆಹರಾ, ಖಾಜಿಯವರು, ಬಿರಿಯಾನಿಯ ದೇಗ್ಚಿ, ಇವಿಷ್ಟರಲ್ಲೇ ಅವನ ಆಲ್ಬಮ್ ಮುಗಿಯುತ್ತಿತ್ತು. ಮದುಮಗಳು ಅಂದು ಹೇಗಿದ್ದಳೆಂಬುದು ಅವಳದೇ ಮದುವೆಯ ಆಲ್ಬಮಿನಲ್ಲಿ ಇರುತ್ತಿರಲಿಲ್ಲ.

ನಾಜಿಯಾಳ ಕೈಲಿದ್ದದ್ದು ಯಾರೋ ಬಳಸಿದ, ಒಳಗೆ ಕನ್ನಡಿಯಿರುವ ಹಳೆಯ ಬಗೆಯ ಒಂದು ಎಸ್‌ಎಲ್‌ಆರ್ ಕ್ಯಾಮೆರಾ ಕೊಳ್ಳುವಷ್ಟು ಅನುಕೂಲ ಮಾತ್ರ. ಕನ್ನಡಿಯಿಲ್ಲದ ಹೊಸ ಕ್ಯಾಮೆರಾಗಳ ಮಾತೇ ಇಲ್ಲ. ಈ ಮೊದಲ ಕೆಲಸ ಕೆಟ್ಟರೆ ಆ ಪರದೆ ಅವಳಿಗೆ ಇನ್ನೊಮ್ಮೆ ಸರಿಯುವುದಿಲ್ಲ. ಅವಳೊಬ್ಬಳಿಗೇ ಅಲ್ಲ, ಊರಿನ ಬೇರೆ ಯಾವ ಹೆಣ್ಣುಮಗಳಿಗೂ ಸರಿಯುವುದಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ಹಳದೀನಾ ಕೆಂಪಾ ಅಂತ ನಾನು ಹೇಳಲ್ಲಮ್ಮ. ನಾನು ಏನೇನು ಮಾಡ್ಕೊಂಡೆ ಅಂತ ಹೇಳ್ತೀನಿ. ನಿಮ್ಮಪ್ಪ ಇಲ್ಲೇ ಇದಾನೆ, ಸುಳ್ಳು ಹೇಳಿದ್ರೆ ತಡೀಲಿ,” ಎಂದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೆಲಸ ಕಲಿತದ್ದು ಪಾವಗಡದಲ್ಲಿ, ಅಂಜಿನಪ್ಪನವರ ಸ್ಟುಡಿಯೋದಲ್ಲಿ. ಅರ್ಧ ಕನ್ನಡ, ಅರ್ಧ ತೆಲುಗು ಆಡುವ ಮನುಷ್ಯ. ಬೈಗುಳಕ್ಕೆ ಎರಡು ಭಾಷೆಯನ್ನೂ ಧಾರಾಳವಾಗಿ ಬಳಸುತ್ತಿದ್ದರು. ನನ್ನನ್ನು ಮೊದಲ ಸಲ ಒಬ್ಬನೇ ಮದುವೆಗೆ ಕಳಿಸಿದಾಗ ರೋಲಿನ ತುದಿಯನ್ನು ಕ್ಯಾಮೆರಾದೊಳಗಿನ ಚಕ್ರದ ಹಲ್ಲಿಗೆ ಸರಿಯಾಗಿ ಸಿಕ್ಕಿಸದೆ ಮುಚ್ಚಳ ಹಾಕಿಬಿಟ್ಟಿದ್ದೆ. ಮೂವತ್ತಾರು ಮುಗಿಯಬೇಕಾದ ರೋಲು ನಲವತ್ತೆರಡಾದರೂ ಮುಗಿಯಲಿಲ್ಲ. ಇವತ್ತು ಅದೃಷ್ಟ ಚೆನ್ನಾಗಿದೆ ಎಂದುಕೊಂಡೆನೇ ಹೊರತು, ಒಳಗೆ ರೋಲು ತಿರುಗುತ್ತಲೇ ಇಲ್ಲ ಎಂದು ಹೊಳೆಯಲಿಲ್ಲ. ಒಂದು ಫೋಟೋವೂ ಇಲ್ಲ.

“ಏಮಿರಾ, ಫಿಲ್ಮು ಎಕ್ಕಲೇದಾ?” ಎಂದು, ಫಿಲ್ಮು ಹತ್ತಲಿಲ್ಲವೇನೋ ಎಂಬುದನ್ನು ತೆಲುಗಿನಲ್ಲೇ ಕೇಳಿದರು ಅಂಜಿನಪ್ಪನವರು. ಹೊಡೆಯುತ್ತಾರೆಂದು ಹಿಂದೆ ಸರಿದೆ. ಹೊಡೆಯಲಿಲ್ಲ. “ನಡಿ, ಆ ಮನೆಗೋಗು. ಕ್ಯಾಮೆರಾ ಕೆಟ್ಟಿತ್ತು ಅಂತ ಮಾತ್ರ ಅನ್ಬೇಡ. ನಾನು ತಪ್ಪು ಮಾಡ್ದೆ ಅಂತ ನಿನ್ನ ಬಾಯಿಂದ್ಲೇ ಚೆಪ್ಪು” ಎಂದರು. ಹೋಗಿ ಹೇಳಿದೆ. ಮನೆಯವರು ಬೈದರು, ಆಮೇಲೆ ಮದುಮಕ್ಕಳಿಗೆ ಮತ್ತೆ ಹಾರ ಹಾಕಿಸಿದರು. ಎರಡನೇ ಸಲ ಹಾರ ಹಾಕಿಸಿಕೊಂಡ ಆ ಹುಡುಗಿಗೆ ನಗು ತಡೆಯಲಾಗಲಿಲ್ಲ. ಆ ನಗುವಿನ ಫೋಟೋ ಬಹಳ ಕಾಲ ಅವರ ಪಡಸಾಲೆಯಲ್ಲಿತ್ತು.

ಮಧುಗಿರಿಗೆ ಬಂದು ಸ್ವಂತ ಸ್ಟುಡಿಯೋ ಇಟ್ಟ ಮೇಲೆ ಬಾಷಾನ ಸ್ನೇಹವಾಯಿತು. ಈ ಕಸುಬಿಗೆ ಹೊಸದಾಗಿ ಬರುವವರಿಗೆ ಒಂದು ಮಾತು ಗೊತ್ತಿರಬೇಕು. ನಮ್ಮಲ್ಲಿ ಯಾರ ಹತ್ತಿರವೂ ಎಲ್ಲ ಲೆನ್ಸುಗಳೂ ಇರುತ್ತಿರಲಿಲ್ಲ. ದೂರದ್ದನ್ನು ಹತ್ತಿರ ತರುವ ಲೆನ್ಸು ಬಾಷಾನ ಹತ್ತಿರ, ಇಡೀ ಛತ್ರ ಹಿಡಿಸುವ ಅಗಲದ್ದು ನನ್ನ ಹತ್ತಿರ, ಒಳ್ಳೆಯ ಫ್ಲ್ಯಾಶ್ ಕೊಡಿಗೇನಹಳ್ಳಿಯವನೊಬ್ಬನ ಹತ್ತಿರ. ಲಗ್ನದ ತಿಂಗಳುಗಳಲ್ಲಿ ಇವೆಲ್ಲ ಬಸ್ಸಿನಲ್ಲೇ ಓಡಾಡುತ್ತಿದ್ದವು. ಟವೆಲಿನಲ್ಲಿ ಸುತ್ತಿ, ಊಟದ ಡಬ್ಬಿಯಲ್ಲಿಟ್ಟು, ‘ಸಾರು ಚೆಲ್ಲೀತು ಹುಷಾರು’ ಎಂದು ಕಂಡಕ್ಟರಿಗೆ ಕೊಟ್ಟರೆ ಸಾಕು, ಜೋಪಾನವಾಗಿ ತಲುಪುತ್ತಿತ್ತು. ಲೆನ್ಸು ಎಂದರೆ ಕಂಡಕ್ಟರಿಗೆ ಲೆಕ್ಕಕ್ಕಿಲ್ಲ, ಸಾರು ಎಂದರೆ ಭಯ.

ಇದು ನಡೆಯುತ್ತಿದ್ದದ್ದು ಎಲ್ಲರದೂ ಹಳದಿಯಾಗಿದ್ದರಿಂದ. ಹಳದಿಯ ಲೆನ್ಸು ಕೆಂಪಿಗೆ ಕೂರುವುದಿಲ್ಲ, ಕೆಂಪಿನದು ಹಳದಿಗೆ ಕೂರುವುದಿಲ್ಲ. ತಿರುಗಿಸಿ ಕೂರಿಸುವ ದಿಕ್ಕು ಕೂಡ ಒಂದರದು ಬಲಕ್ಕಾದರೆ ಇನ್ನೊಂದರದು ಎಡಕ್ಕೆ. ಡಿಜಿಟಲ್ ಬಂದಾಗ ಬಾಷಾ ಮತ್ತು ಉಳಿದವರು ಯೋಚಿಸದೆ ಹಳದಿಯನ್ನೇ ಕೊಂಡರು. ಹಳೆಯ ಲೆನ್ಸು ಕೂರುತ್ತಿತ್ತು, ಡಬ್ಬಿಯ ಓಡಾಟ ನಿಲ್ಲುತ್ತಿರಲಿಲ್ಲ.

ನಾನೊಬ್ಬ ಯೋಚಿಸಿದೆ. ಅಲ್ಲೇ ಎಡವಟ್ಟಾದದ್ದು.

ಕೊರಟಗೆರೆಯ ಒಂದು ಮದುವೆಯಲ್ಲಿ ಗಂಡಿನ ಕಡೆಯವರು ಕೆಂಪು ಬೆಲ್ಟಿನ ಫೋಟೋಗ್ರಾಫರನ್ನು ಕರೆಸಿದ್ದರು. ಅವನ ಫೋಟೋದಲ್ಲಿ ಎಲ್ಲರ ಕೆನ್ನೆಯೂ ಈಗಷ್ಟೇ ಮಜ್ಜನ ಮುಗಿಸಿ ಬಂದಂತೆ ಕಾಣುತ್ತಿತ್ತು. ಹೆಣ್ಣಿನ ತಾಯಿ ನನ್ನೆದುರಿಗೇ ‘ಇವ್ರುದ್ದು ಎಷ್ಟು ಕಳೆಯಾಗೈತೆ ನೋಡಿ’ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಮರುವಾರವೇ ಬೆಂಗಳೂರಿನ ಒಂದು ಅಂಗಡಿಗೆ ಹೋದೆ. ಅಲ್ಲಿದ್ದವನು ಚುರುಕು. ನನ್ನನ್ನೇ ನಿಲ್ಲಿಸಿ ಎರಡು ಕ್ಯಾಮೆರಾದಲ್ಲೂ ಒಂದೊಂದು ಫೋಟೋ ತೆಗೆದು ಪಕ್ಕಪಕ್ಕ ತೋರಿಸಿದ. ಹಳದಿಯಲ್ಲಿ ನಾನು ನಾನೇ ಆಗಿದ್ದೆ. ಕೆಂಪಿನಲ್ಲಿ ನಾಲ್ಕು ವರ್ಷ ಚಿಕ್ಕವನಾಗಿ, ಒಂದು ಸುತ್ತು ಬೆಳ್ಳಗಾಗಿದ್ದೆ. ಅವನು ಯಾವ ದೀಪದ ಕೆಳಗೆ ಯಾವುದನ್ನು ತೆಗೆದನೆಂದು ನಾನು ನೋಡಲೇ ಇಲ್ಲ. ಅಷ್ಟು ವರ್ಷ ಬೇರೆಯವರ ಮುಖ ತೆಗೆದವನು ನನ್ನದೇ ಮುಖಕ್ಕೆ ಮರುಳಾಗಿ ಕೆಂಪು ಕೊಂಡೆ. ಹಳದಿ ಲೆನ್ಸುಗಳನ್ನೂ ಅಲ್ಲೇ ಮಾರಿ ಬಂದೆ.

ಬಾಷಾನಿಗೆ ಹೇಳಲಿಲ್ಲ. ಹೇಳಿದರೆ ತಡೆಯುತ್ತಾನೆಂದು ಗೊತ್ತಿತ್ತು. ಅವನಿಗೆ ಗೊತ್ತಾದದ್ದು ಹೇಗೆಂದರೆ, ಎಂದಿನಂತೆ ಅವನು ಬಸ್ಸಿನಲ್ಲಿ ಲೆನ್ಸು ಕಳಿಸಿದ, ನಾನು ಡಬ್ಬಿಯನ್ನು ತೆರೆಯದೆ ಅದೇ ಬಸ್ಸಿಗೆ ವಾಪಸ್ ಕಳಿಸಿದೆ. ಸಂಜೆ ಫೋನ್ ಮಾಡಿದ.

“ಕ್ಯಾ ಲಿಂಗಣ್ಣಾ, ಕೆಂಪು ತಗೊಂಡ್ಯಂತೆ? ತಗೋ, ಬಿಲ್ಕುಲ್ ಬೇಡ ಅನ್ನಲ್ಲ. ಒಂದ್ಮಾತು ನಂಗೆ ಹೇಳ್ಬೋದಿತ್ತಲ್ಲ?”

“ಹೇಳೋದೇನು, ನನ್ನ ಸ್ಟುಡಿಯೋ ನನ್ನಿಷ್ಟ,” ಎಂದುಬಿಟ್ಟೆ. ಆಡಿದ ಮೇಲೆ ನನಗೇ ಕಹಿಯಾಯಿತು. ಆದರೂ ಫೋನ್ ಇಟ್ಟೆ.

ಎರಡು ವರ್ಷ ಕಳೆಯಿತು. ಶಿರಾ ತಾಲ್ಲೂಕಿನ ತಾವರೆಕೆರೆ ಕಡೆ ಕುರಿ ಸಾಕುವವರ ಹಟ್ಟಿಯೊಂದರಲ್ಲಿ ಮದುವೆ. ಹೆಣ್ಣಿನ ತಾಯಿ ಈರಕ್ಕ. ಬಿಸಿಲಿನಲ್ಲಿ ಕುರಿಯ ಹಿಂದೆ ತಿರುಗಿ ತಿರುಗಿ ಕಪ್ಪಾದ, ಎತ್ತರದ, ನೇರ ನೋಟದ ಹೆಂಗಸು. ಬೆಳಿಗ್ಗೆ ಅರಿಶಿನದ ನೂಕುನುಗ್ಗಲಿನಲ್ಲಿ ಯಾರದೋ ಮೊಣಕೈ ತಗುಲಿ ನಾನು ಬೆಂಚಿನಿಂದ ಜಾರಿದೆ. ಕ್ಯಾಮೆರಾ ಚಪ್ಪರದ ಕಂಬಕ್ಕೆ ಬಡಿದು ಲೆನ್ಸಿನ ಬುಡವೇ ಮುರಿದುಹೋಯಿತು. ಇನ್ನೊಂದು ಲೆನ್ಸು ರಿಪೇರಿಗೆ ಹೋಗಿತ್ತು. ನಡುಹಗಲಿನ ಅಭಿಜಿನ್ ಲಗ್ನಕ್ಕೆ ಎರಡು ಗಂಟೆಯಿತ್ತು. ಸುತ್ತ ಎಲ್ಲಿ ವಿಚಾರಿಸಿದರೂ ಹಳದಿಯವರೇ. ಕೊನೆಗೆ ಮಾನ ಬಿಟ್ಟು ಬಾಷಾನಿಗೆ ಫೋನ್ ಮಾಡಿದೆ.

ಅವನು ಒಂದು ಮಾತೂ ಕೇಳದೆ ಶಿರಾದಿಂದ ಬೈಕಿನಲ್ಲಿ ಬಂದ. ಅಂದು ಮಧ್ಯಾಹ್ನ ಅವನಿಗೂ ಒಂದು ಕೆಲಸವಿತ್ತು. “ನನ್ನ ಲೆನ್ಸ್ ನಿನ್ನ ಕ್ಯಾಮೆರಾಗೆ ಕೂರಲ್ಲ. ಕ್ಯಾಮೆರಾನೇ ತಗೋ. ನಂಗೆ ಅಂಗಡೀದು ಹಳೇದೈತೆ, ಹೆಂಗೋ ಮಾಡ್ಕೊಂತೀನಿ,” ಎಂದು ತನ್ನ ಹೊಸ ಕ್ಯಾಮೆರಾವನ್ನು ನನ್ನ ಕುತ್ತಿಗೆಗೆ ಹಾಕಿ ಹೊರಟೇಹೋದ.

ಇಲ್ಲಿ ಸ್ವಲ್ಪ ಕಸುಬಿನ ಮಾತು. ಕ್ಯಾಮೆರಾಕ್ಕೆ ಕಣ್ಣಿಟ್ಟರೆ ಕೆಳಗೆ ಚಿಕ್ಕದೊಂದು ಪಟ್ಟಿ ಕಾಣುತ್ತದೆ. ನಡುವೆ ಸೊನ್ನೆ, ಎರಡು ಕಡೆಗೂ ಗೆರೆಗಳು, ಅವುಗಳ ಮೇಲೆ ಓಡಾಡುವ ಒಂದು ಮುಳ್ಳು. ಬೆಳಕು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಅದು ಹೇಳುತ್ತದೆ. ಕೆಂಪಿನಲ್ಲಿ ಮುಳ್ಳು ಎಡಕ್ಕೆ ಹೋದರೆ ಫೋಟೋ ಕಪ್ಪಾಗುತ್ತದೆ. ಆ ಕಾಲದ ಹಳದಿಯಲ್ಲಿ ಎಡಕ್ಕೆ ಹೋದರೆ ಬಿಳುಪಾಗುತ್ತಿತ್ತು. ನಡುಹಗಲ ಬಿಸಿಲಿಗೆ ಬಿಳಿ ಪಂಚೆ, ಸೆರಗು ಸುಟ್ಟುಹೋಗದಿರಲಿ ಎಂದು ನಾನು ಮುಳ್ಳನ್ನು ಎರಡು ಗೆರೆ ಎಡಕ್ಕೆ ನಿಲ್ಲಿಸುವುದು ರೂಢಿ. ರೋಲಿನ ಕಾಲದ ನನ್ನ ಹಳದಿಯಲ್ಲಿ ಈ ಪಟ್ಟಿಯೇ ಇರಲಿಲ್ಲ, ಹಾಗಾಗಿ ಅಂದೂ ಎಡಕ್ಕೇ ನಿಲ್ಲಿಸಿದೆ. ಬಿಸಿಲಿಗೆ ಹಿಂದಿನ ಸ್ಕ್ರೀನು ಕಾಣುತ್ತಿರಲಿಲ್ಲ. ಧಾರೆ, ತಾಳಿ, ಅಕ್ಷತೆ, ಎಲ್ಲವನ್ನೂ ಹಾಗೇ ತೆಗೆದೆ.

ಮಧುಗಿರಿಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ಪಂಚೆಯಿಲ್ಲ, ಅಕ್ಷತೆಯಿಲ್ಲ, ಎಲ್ಲ ಬರೀ ಕಾಗದದ ಬಿಳುಪು. ಮುಖಗಳು ಮಾತ್ರ ಇದ್ದವು, ಅವೂ ಸುಣ್ಣ ಬಳಿದುಕೊಂಡಂತೆ. ಆಗ ನನ್ನ ತಲೆಗೆ ಏನು ಹೊಳೆಯಿತು ಗೊತ್ತೇ? ‘ಈರಕ್ಕ ಬೆಳ್ಳಗೆ ಬಂದಿದ್ದಾಳೆ, ಖುಷಿಪಡುತ್ತಾಳೆ ಬಿಡು’ ಎಂದು ಆಲ್ಬಮ್ ಮಾಡಿಸಿಬಿಟ್ಟೆ.

ಅವರಿಗೆ ಹತ್ತಿರವೆಂದು ಆಲ್ಬಮನ್ನು ಬಾಷಾನ ಅಂಗಡಿಯಲ್ಲೇ ಕೊಟ್ಟೆ. ಈರಕ್ಕ ಮೊದಲ ಹಾಳೆ ತೆರೆದಳು. ಎರಡನೆಯದು, ಮೂರನೆಯದು. ಬೆರಳಿಟ್ಟು ಕೇಳಿದಳು.

“ಇವ್ಳು ಯಾರಣ್ಣ?”

“ನೀನೇ ಕಣಮ್ಮ,” ಎಂದೆ.

“ನಾನೆಲ್ಲಣ್ಣ ಇಂಗಿದ್ದೀನಿ? ನನ್ ಮಗ್ಳು ಇದ್ನ ತಗಂಡು ಗಂಡನ ಮನೆಗೋಯ್ತಾಳೆ. ಅವ್ವುನ್ನ ನೋಡ್ಬೇಕು ಅನ್ನಿಸ್ದಾಗ ತೆಗುದ್ರೆ, ಯಾರೋ ಬಿಳೀ ಎಂಗ್ಸು ಕುಂತವ್ಳೆ. ನಾನೆಲ್ಲೋದೆ?”

ನನ್ನ ಬಾಯಿಗೆ ಬಂದದ್ದು ಇದು: “ಕ್ಯಾಮೆರಾ ನಂದಲ್ಲ ಕಣಮ್ಮ, ಇವ್ರದ್ದು. ಹಳದಿ ಕ್ಯಾಮೆರಾನೇ ಹಿಂಗೆ.”

ಬಾಷಾ ಅಲ್ಲೇ ಗಾಜು ಒರೆಸುತ್ತಿದ್ದ. ಕೈ ನಿಂತಿತು. ನನ್ನನ್ನು ಒಮ್ಮೆ ನೋಡಿದ, ಮತ್ತೆ ಒರೆಸತೊಡಗಿದ. ತನ್ನ ಕೆಲಸ ಕೆಡಿಸಿಕೊಂಡು ಕ್ಯಾಮೆರಾ ಕೊಟ್ಟವನನ್ನು, ಅವನ ಅಂಗಡಿಯಲ್ಲೇ, ಅವನ ಗಿರಾಕಿಗಳ ಮುಂದೆ ತಪ್ಪಿತಸ್ಥನನ್ನಾಗಿ ಮಾಡಿದೆ. ಮೂವತ್ತೈದು ವರ್ಷದ ಕಸುಬಿನಲ್ಲಿ ನಾನು ಮಾಡಿದ ಅತಿ ಕೀಳು ಕೆಲಸ ಅದು. ಮುಳ್ಳು ತಿರುಗಿಸಿದ್ದನ್ನು ಯಾರಾದರೂ ಮನ್ನಿಸಬಹುದು, ಆ ಮಾತನ್ನು ನಾನೇ ಮನ್ನಿಸಿಕೊಂಡಿಲ್ಲ.

ಹತ್ತು ದಿನ ಊಟ ಸೇರಲಿಲ್ಲ. ಹನ್ನೊಂದನೇ ದಿನ ಶಿರಾಕ್ಕೆ ಹೋಗಿ, “ಬಾಷಾ, ನನ್ ಜೊತೆ ಹಟ್ಟಿಗೆ ಬಾ,” ಎಂದೆ. ಯಾಕೆ ಎಂದು ಕೇಳದೆ ಅಂಗಡಿಗೆ ಬೀಗ ಹಾಕಿದ. ಈರಕ್ಕನ ಮುಂದೆ, ಅವಳ ಗಂಡನ ಮುಂದೆ, ಕುರಿ ರೊಪ್ಪದ ಬಾಗಿಲಲ್ಲಿ ನಿಂತು ಹೇಳಿದೆ. ಕ್ಯಾಮೆರಾ ಚೆನ್ನಾಗಿತ್ತು. ನಾನು ಉಲ್ಟಾ ಇಟ್ಟೆ. ಗೊತ್ತಾದ ಮೇಲೂ ಮುಚ್ಚಿಟ್ಟೆ. ಇವನ ಮೇಲೆ ಹಾಕಿದೆ.

ಈರಕ್ಕ ಸೆರಗಿಗೆ ಕೈ ಒರೆಸಿಕೊಂಡಳು. “ಅದುಕ್ಯಾಕಣ್ಣ ಇಷ್ಟೊಂದು ಮೊಕ ಸಣ್ಣಗ್ ಮಾಡ್ಕಂಡಿದ್ದೀಯ? ಮಗ್ಳು ಬಂದವ್ಳೆ. ಇಬ್ರುದೂ ಇನ್ನೊಂದು ತೆಗ್ದುಬುಡು,” ಎಂದಳು.

ತೆಗೆದೆ. ಬಾಷಾನ ಹಳದಿ ಕ್ಯಾಮೆರಾದಲ್ಲೇ. ಮುಳ್ಳು ಎಲ್ಲಿ ನಿಲ್ಲಿಸಬೇಕೆಂದು ಅವನು ಪಕ್ಕದಲ್ಲಿ ನಿಂತು ಹೇಳಿದ. ಅಲ್ಲಿ ಕಲಿತದ್ದು ಏನೆಂದರೆ, ಕಪ್ಪು ಮುಖ ಕಪ್ಪಾಗಿಯೇ, ಕಳೆಯಾಗಿ ಬರಬೇಕಾದರೆ ಕೊಂಚ ಹೊತ್ತು ನೋಡಬೇಕು. ಕ್ಯಾಮೆರಾ ಅದನ್ನು ತಾನಾಗಿ ಮಾಡಿಕೊಡುವುದಿಲ್ಲ, ಯಾವ ಬೆಲ್ಟಿನದೂ ಮಾಡುವುದಿಲ್ಲ. ಸ್ಕ್ರೀನು ತೋರಿಸಿದೆ. “ಆ... ಇದು ನಾನು ಕಣಣ್ಣ,” ಎಂದಳು ಈರಕ್ಕ. ವಾಪಸ್ ಬರುವಾಗ ಬೈಕಿನಲ್ಲಿ ಬಾಷಾ ಹೇಳಿದ್ದು ಒಂದೇ ಮಾತು. “ಮುಳ್ಳು ಉಲ್ಟಾ ಅಂತ ಕೊಡೋವಾಗ್ಲೇ ನಾನು ಹೇಳ್ಬೇಕಿತ್ತು ಅಣ್ಣಾ.” ನಾನು ಅವನ ಹಿಂದೆ ಕೂತಿದ್ದೆ. ನನ್ನ ಕಣ್ಣು ಅವನಿಗೆ ಕಾಣಲಿಲ್ಲ, ಒಳ್ಳೆಯದಾಯಿತು.

ಇಷ್ಟನ್ನೂ ನಾಜಿಯಾ ಕೆನ್ನೆಗೆ ಕೈ ಕೊಟ್ಟು ಕೇಳಿದಳು. ಮುಗಿದ ಮೇಲೆ ನಾನು, “ಅದಕ್ಕೇ ಕಣಮ್ಮ, ಯಾವುದು ಒಳ್ಳೇದು ಅಂತ ಕೇಳ್ಬೇಡ. ಮುಹೂರ್ತದ ಹೊತ್ತಲ್ಲಿ ನಿನ್ನದು ಮುರಿದರೆ ಯಾರದು ನಿನಗೆ ಕೂರುತ್ತೆ, ಅದನ್ನ ಕೇಳು,” ಎಂದೆ.

ಬಾಷಾ ಗೆದ್ದವನಂತೆ ತೊಡೆ ತಟ್ಟಿದ. “ಕೇಳಿದ್ಯಾ? ಹಳದಿ!”

“ಇಲ್ಲ ಅಬ್ಬಾ, ಕೆಂಪು,” ಎಂದಳು ನಾಜಿಯಾ. “ನಿಮ್ಮ ಹಳದಿ ಹೆಂಗಿದ್ರೂ ಮನೇಲೈತೆ. ಕೆಟ್ಟೋದ್ರೆ ಕ್ಯಾಮೆರಾ ಸಮೇತ ನಿಮ್ದೇ ತಗೊಂಡೋಗ್ತೀನಿ. ಕೆಂಪು ತಗೊಂಡ್ರೆ ಚಾಚಾ ಬೀರೂನಲ್ಲಿ ಇರೋ ಕೆಂಪು ಲೆನ್ಸುಗಳೂ ನಂದೇ. ಒಬ್ರನ್ನ ನಂಬ್ಕೊಂಡು ಹೋಗೋದಕ್ಕಿಂತ ಇಬ್ರನ್ನ ನಂಬ್ಕೊಂಡು ಹೋಗ್ತೀನಿ.”

“ಎರಡೂ ಹಿಡಿದ್ರೆ ನಾನು ಮಾಡಿದ್ದೇ ಮಾಡ್ತೀಯ! ಮುಳ್ಳು ಉಲ್ಟಾ ಅಂತ ಇಷ್ಟೊತ್ತು ಹೇಳಿದ್ದೇನು?” ಎಂದು ಗದರಿದೆ.

“ಅದು ಮೆನೂನಲ್ಲಿ ಬದಲಾಯಿಸ್ಬೋದು ಚಾಚಾ. ಅಬ್ಬಾ ಕ್ಯಾಮೆರಾದು ಹೋದ ತಿಂಗಳೇ ಕೆಂಪಿನ ಥರ ಮಾಡಿಟ್ಟಿದೀನಿ. ಅವ್ರಿಗಿನ್ನೂ ಗೊತ್ತಾಗಿಲ್ಲ.”

ನಾನೂ ಬಾಷಾನೂ ಮುಖ ಮುಖ ನೋಡಿಕೊಂಡೆವು. ಹೋದ ತಿಂಗಳಿಂದ ಫೋಟೋ ಯಾಕೆ ಸರಿಬರುತ್ತಿಲ್ಲವೆಂದು ಅವನು ಕಣ್ಣಿನ ಡಾಕ್ಟರ ಹತ್ತಿರ ಹೋಗಿಬಂದಿದ್ದನಂತೆ. ನನ್ನ ಹೆಂಡತಿ ಅಡುಗೆಮನೆಯಿಂದ ಏನಾಯಿತೆಂದು ಓಡಿ ಬರುವಷ್ಟು ನಕ್ಕೆವು.

ಮದುವೆಯ ದಿನ ಕರೆಯದಿದ್ದರೂ ನಾನು ಶಿರಾಕ್ಕೆ ಹೋದೆ. ಪರದೆಯ ಈಚೆಗೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಲೆನ್ಸಿನ ಚೀಲ ಇಟ್ಟುಕೊಂಡು ನಾವಿಬ್ಬರೂ ಕೂತೆವು. ಒಳಗೆ ಬಳೆಗಳ ಸದ್ದು, ಹಾಡು, ಗಲಾಟೆ. ಒಂದು ಸಲ ಪರದೆಯ ಸಂದಿಯಿಂದ ಕೈಯೊಂದು ಬಂತು. “ಚಾಚಾ, ಐವತ್ತರ ಲೆನ್ಸ್.” ಕೊಟ್ಟೆ. ಕೈ ಒಳಗೆ ಹೋಯಿತು. ಬಾಷಾ ತುಟಿ ಅಲ್ಲಾಡಿಸುತ್ತ ಏನೋ ಹೇಳಿಕೊಳ್ಳುತ್ತಿದ್ದ. ನಾನೂ ಶಿವಶಿವಾ ಎನ್ನುತ್ತಿದ್ದೆ.

ಇಪ್ಪತ್ತು ದಿನದ ಮೇಲೆ ಆಲ್ಬಮ್ ನೋಡಲು ಆ ಮನೆಯ ಹೆಂಗಸರು ಬಾಷಾನ ಅಂಗಡಿಗೆ ಬಂದರು. ನಾಜಿಯಾ ಅವರನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಪರದೆ ಎಳೆದಳು. ನಾವು ಮುಂದಿನ ಬೆಂಚಿನ ಮೇಲೆ ಕೂತೆವು. ತರಿಸಿದ ಟೀ ಯಾರೂ ಮುಟ್ಟಲಿಲ್ಲ. ಆಲ್ಬಮ್ ತೆರೆದ ಸದ್ದು ಕೇಳಿಸಿತು. ಒಂದು ಹಾಳೆ ಮಗುಚಿತು, ಇನ್ನೊಂದು ಮಗುಚಿತು. ಯಾರ ದನಿಯೂ ಇಲ್ಲ. ಬಾಷಾ ನನ್ನ ಮುಂಗೈ ಹಿಡಿದುಕೊಂಡ.

ಆಗ ಒಬ್ಬಳು ಕಿಸಕ್ಕೆಂದು ನಕ್ಕಳು. ಇನ್ನೊಬ್ಬಳು ‘ಹಾಯ್ ಅಲ್ಲಾ’ ಎಂದಳು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ತೋರಿಸು, ಸರಿ, ನನ್ನದೆಲ್ಲಿ, ಅಮ್ಮ ಅಳೋದು ನೋಡು ಎಂದು ಒಬ್ಬರ ಮೇಲೊಬ್ಬರು ಬಿದ್ದು ನೋಡುವ ಗದ್ದಲ. ಅದರ ನಡುವೆ ಹೆಣ್ಣಿನ ತಾಯಿಯ ದನಿ ಸ್ಪಷ್ಟವಾಗಿ ಕೇಳಿತು. “ನಾಜಿಯಾ, ನನ್ನ ಎರಡನೇ ಮಗಳ ಶಾದಿಗೂ ನೀನೇ ಬರ್ಬೇಕು. ಈಗ್ಲೇ ಬರ್ಕೋ.”

ಬಾಷಾ ಟೊಪ್ಪಿ ತೆಗೆದು ಅದರಲ್ಲೇ ಕಣ್ಣು ಒರೆಸಿಕೊಂಡ.

“ಲಿಂಗಣ್ಣಾ, ಫೋಟೋ ಚೆನ್ನಾಗಿ ಬಂದವಂತೆ.”

“ಹೂಂ ಕಣೋ,” ಎಂದೆ. “ಚೆನ್ನಾಗಿ ಬಂದವಂತೆ.”